ಗ್ರಾಫ್ ಕೆಳಗಿಳಿದ ಮಾತ್ರಕ್ಕೆ...

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಆಫೀಸಿನಲ್ಲಿ "ಕ್ವಾಲಿಟಿ ವಾರ" ಅಂತ ಒಂದು ಹಬ್ಬ ಇತ್ತು, ಅದರ ಓಡಾಟದಲ್ಲೇ ಎರಡು ವಾರ ಕಳೆದುಹೋಯ್ತು. ಹಬ್ಬ ಮುಗೀತು, ಬ್ಯಾನರ್ ಬಿಚ್ಚಿದ್ದೂ ಆಯ್ತು. ಆದ್ರೆ ತಲೆಯಲ್ಲಿ ಹೊಕ್ಕಿರೋ ಹುಳ ಮಾತ್ರ ಕೊರೀತಾನೇ ಇದೆ. ಬರೆದು ಹೊರಗೆ ಹಾಕೋಣ ಅಂತ ಕೂತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಓದಿ :-)

ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ, ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಒಂದು ಖಾಸಗಿ ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿ ಕೂತು ಲೆಕ್ಕ ನೋಡೋನು. ಈ ತಿಂಗಳು ಎಷ್ಟು ಜನ ಮಂಚದಿಂದ ಬಿದ್ರು, ಆಪರೇಷನ್ ಆದ್ಮೇಲೆ ಎಷ್ಟು ಜನರ ಗಾಯ ಕೀವಾಯ್ತು, ಎಷ್ಟು ಸಲ ಒಬ್ಬರ ಮಾತ್ರೆ ಇನ್ನೊಬ್ಬರ ಕೈಗೆ ಹೋಯ್ತು.. ಇಂಥವೇ. ಪ್ರತಿ ವರ್ಷ ಪ್ರತಿ ವಾರ್ಡಿನವರೂ ಒಂದೊಂದು "ಸುಧಾರಣಾ ಪ್ರಾಜೆಕ್ಟ್" ಮಾಡಿ ಪೋಸ್ಟರ್ ಅಂಟಿಸ್ತಾರೆ. ಗೆದ್ದ ಪ್ರಾಜೆಕ್ಟಿಗೆ ಒಂದು ಕಪ್ಪು, ಗುಂಪಾಗಿ ಒಂದು ಫೋಟೋ. ಈ ಸಲ ತೀರ್ಪುಗಾರರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಒಟ್ಟು ಹದಿನಾಲ್ಕು ಪೋಸ್ಟರು. ಅದರಲ್ಲಿ ಹದಿಮೂರರಲ್ಲಿ ಗ್ರಾಫ್ ಜಾರುಬಂಡೆ ಥರ ಕೆಳಗಿಳಿದಿತ್ತು. ಸೋಂಕು ಇಳಿಕೆ, ಕಾಯೋ ಸಮಯ ಇಳಿಕೆ, ತಪ್ಪುಗಳ ಇಳಿಕೆ. ನಮ್ಮೂರ ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ರಿಸಲ್ಟೂ ಒಂದು ವರ್ಷಕ್ಕಾದ್ರೂ ಇಷ್ಟು ಚೆನ್ನಾಗಿ ಬಂದದ್ದಿಲ್ಲ! ಮಾಡಿದ ಪ್ರಾಜೆಕ್ಟೆಲ್ಲಾ ಹೀಗೆ ಗೆಲ್ತಾ ಹೋದ್ರೆ ಹತ್ತು ವರ್ಷದಲ್ಲಿ ನಮ್ಮ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೂ ತೊಂದರೆ ಆಗಬಾರದಿತ್ತು. ಹಾಗೇನೂ ಆಗಿಲ್ಲ ಅನ್ನೋದು ಅಲ್ಲಿ ಕೆಲಸ ಮಾಡೋ ಎಲ್ಲರಿಗೂ ಗೊತ್ತು.

ಇದು ಬರೀ ಕಪ್ಪಿನ ವಿಷಯ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಆದ್ರೆ ಗೆದ್ದ ಪ್ರಾಜೆಕ್ಟು ಮುಂದಿನ ತಿಂಗಳಿಂದ ಎಲ್ಲಾ ವಾರ್ಡಿಗೂ ಕಡ್ಡಾಯ ಆಗುತ್ತೆ. ಅಂದ್ರೆ ಪ್ರತಿ ನರ್ಸಿನ ತಲೆ ಮೇಲೆ ಇನ್ನೊಂದು ರಿಜಿಸ್ಟರು. ಆ ರಿಜಿಸ್ಟರು ತುಂಬೋ ಹತ್ತು ನಿಮಿಷ ಯಾವುದೋ ರೋಗಿಯ ಪಕ್ಕದಿಂದ ಕಿತ್ತುಕೊಂಡ ಹತ್ತು ನಿಮಿಷ. ಅದ್ರಿಂದ ನಿಜವಾಗ್ಲೂ ಉಪಯೋಗ ಇದ್ರೆ ಸರಿ. ಇಲ್ಲದಿದ್ರೆ? ಕಾಗದದ ಮೇಲೆ ಸುರಕ್ಷತೆ ಜಾಸ್ತಿ ಆಗಿ, ಮಂಚದ ಪಕ್ಕ ಕಮ್ಮಿ ಆಗಿರುತ್ತೆ.

ಕಾಗೆ ಕೂತಿತು, ಟೊಂಗೆ ಮುರೀತು

ನಮ್ಮಲ್ಲಿ ಪ್ರಾಜೆಕ್ಟು ಶುರುವಾಗೋದು ಹೇಗೆ ಅಂತ ಗಮನಿಸಿ. ಯಾವುದೋ ತಿಂಗಳು ಲೆಕ್ಕ ಸಿಕ್ಕಾಪಟ್ಟೆ ಏರಿರುತ್ತೆ. ಮೀಟಿಂಗಲ್ಲಿ ಬೈಗುಳ ಆಗುತ್ತೆ. ತಕ್ಷಣ ಒಂದು ಪ್ರಾಜೆಕ್ಟು ಹುಟ್ಟುತ್ತೆ. ಮುಂದಿನ ತಿಂಗಳು ಲೆಕ್ಕ ಇಳಿಯುತ್ತೆ. ಚಪ್ಪಾಳೆ!

ಆದ್ರೆ ಅತೀ ಕೆಟ್ಟ ತಿಂಗಳ ಮುಂದಿನ ತಿಂಗಳು ಸಾಮಾನ್ಯವಾಗಿ ಅದಕ್ಕಿಂತ ವಾಸಿನೇ ಇರುತ್ತೆ, ಯಾರು ಏನೂ ಮಾಡದಿದ್ರೂ. ನೆಗಡಿಗೆ ಕಷಾಯ ಕುಡಿದ್ರೆ ಒಂದು ವಾರ, ಕುಡೀದಿದ್ರೆ ಏಳು ದಿನ ಅಂತಾರಲ್ಲ, ಹಾಗೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು. ಕಾಗೆಗೆ ಕಪ್ ಕೊಟ್ವಿ.

ಇದು ನಮ್ಮಂಥ ಸಣ್ಣ ಆಸ್ಪತ್ರೆಯ ಕಥೆ ಮಾತ್ರ ಅಲ್ಲ. ಅಮೆರಿಕಾದ ಮಿಶಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೋಸ್ಟ್ ಅನ್ನೋ ವೈದ್ಯರ ತಂಡ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಒಂದು ಕೆಲಸ ಮಾಡ್ತು. ದೊಡ್ಡ ರಕ್ತನಾಳಕ್ಕೆ ಹಾಕೋ ನಳಿಕೆಯಿಂದ ಬರೋ ಸೋಂಕು ತಡೆಯೋಕೆ ಐದೇ ಐದು ನಿಯಮ. ಕೈ ತೊಳೀರಿ, ಪೂರ್ತಿ ಹೊದಿಕೆ ಹಾಕಿ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ತೊಡೆಸಂದಿಯ ರಕ್ತನಾಳ ಆದಷ್ಟೂ ಬೇಡ, ಅಗತ್ಯ ಮುಗಿದ ಕೂಡಲೇ ನಳಿಕೆ ತೆಗೀರಿ. 2006ರಲ್ಲಿ ಫಲಿತಾಂಶ ಪ್ರಕಟ ಆಯ್ತು. ನಳಿಕೆ ಹಾಕಿದ ಪ್ರತಿ ಸಾವಿರ ದಿನಕ್ಕೆ 2.7 ಇದ್ದ ಸೋಂಕಿನ ಮಧ್ಯಕ ಮೂರೇ ತಿಂಗಳಲ್ಲಿ ಸೊನ್ನೆಗೆ ಬಂದಿತ್ತು. ಇಡೀ ಜಗತ್ತು ಬೆರಗಾಯ್ತು.

ಇಂಗ್ಲೆಂಡಿನವರು "ಮಿಶಿಗನ್‌ಗೆ ಸಮ ಆಗೋಣ" ಅಂತ ಅದೇ ಹೆಸರಿಟ್ಟುಕೊಂಡು 2009ರಲ್ಲಿ ತಾವೂ ಶುರು ಮಾಡಿದ್ರು. ಅಲ್ಲೂ ಸೋಂಕು ಚೆನ್ನಾಗಿ ಇಳೀತು. ಆದ್ರೆ ಅವರು ಒಂದು ಜಾಣತನ ಮಾಡಿದ್ರು, ಎಲ್ಲಾ ಆಸ್ಪತ್ರೆಗಳನ್ನೂ ಒಂದೇ ಸಲ ಸೇರಿಸಲಿಲ್ಲ, ಗುಂಪು ಗುಂಪಾಗಿ ಸೇರಿಸಿದ್ರು. ಆಗ ಗೊತ್ತಾಗಿದ್ದು ಏನಂದ್ರೆ, ಇನ್ನೂ ಸರದಿ ಬಾರದೆ ಕಾಯ್ತಾ ಇದ್ದ ಐಸಿಯುಗಳಲ್ಲೂ ಸೋಂಕು ಇಳೀತಾನೇ ಇತ್ತು! ಸೋಂಕಿನ ಬಗ್ಗೆ ದೇಶದಲ್ಲೆಲ್ಲಾ ಎಚ್ಚರ ಮೂಡಿತ್ತು, ಬೇರೆ ಪ್ರಯತ್ನಗಳೂ ನಡೀತಿದ್ವು. ಇಳಿಕೆಯಲ್ಲಿ ಈ ಪ್ರಾಜೆಕ್ಟಿನ ಪಾಲೆಷ್ಟು, ಕಾಲದ ಪಾಲೆಷ್ಟು ಅಂತ ಬಿಡಿಸಿ ಹೇಳೋದೇ ಕಷ್ಟ ಆಯ್ತು. ಹಾಗಂತ ಆ ಐದು ನಿಯಮ ಸುಳ್ಳಲ್ಲ. ಆದ್ರೆ ಪಕ್ಕದ ಗುಂಪಿನ ಲೆಕ್ಕ ಇಲ್ಲದಿದ್ರೆ ಪೂರ್ತಿ ಇಳಿಕೆಯೂ ಪ್ರಾಜೆಕ್ಟಿನ ಖಾತೆಗೇ ಜಮಾ ಆಗಿಬಿಡ್ತಿತ್ತು.

ಇನ್ನೊಂದು ಥರದ ಇಳಿಕೆ ಇದೆ, ಅದು ಇದಕ್ಕಿಂತ ಅಪಾಯ. ಒಂದು ವಾರ್ಡಿನಲ್ಲಿ ಮಾತ್ರೆ ತಪ್ಪಾದ ಬಗ್ಗೆ ರಿಪೋರ್ಟು ಬರೆದ ನರ್ಸಿಗೆ ಎಲ್ಲರೆದುರು ಬೈದ್ರು ಅಂತಿಟ್ಕೊಳ್ಳಿ. ಮುಂದಿನ ತಿಂಗಳು ರಿಪೋರ್ಟು ಅರ್ಧ ಆಗುತ್ತೆ. ತಪ್ಪು ಅರ್ಧ ಆಯ್ತಾ? ಇಲ್ಲ, ಬರೆಯೋ ಧೈರ್ಯ ಅರ್ಧ ಆಯ್ತು. ಅದಕ್ಕೇ ಯಾವುದಾದ್ರೂ ವಾರ್ಡಿನಲ್ಲಿ ತಪ್ಪಿನ ವರದಿ ಸ್ವಲ್ಪ ಏರಿದ್ರೆ ನನಗೆ ಗಾಬರಿಗಿಂತ ಸಮಾಧಾನನೇ ಜಾಸ್ತಿ. ಅಲ್ಲಿಯವರು ಹೆದರದೆ ಬರೀತಿದ್ದಾರೆ ಅಂತ ಅರ್ಥ.

ಟಿಕ್ ಮಾರ್ಕಿನ ಮಹಿಮೆ

ಆಪರೇಷನ್ ಥಿಯೇಟರಿನ ಚೆಕ್‌ಲಿಸ್ಟ್ ಬಗ್ಗೆ ನೀವು ಕೇಳಿರಬಹುದು. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು. ಒಂದೇ ಹಾಳೆ, 19 ಅಂಶ. ರೋಗಿಯ ಹೆಸರು ಸರಿಯಾ, ಕೊಯ್ಯೋ ಜಾಗ ಸರಿಯಾ, ಆಂಟಿಬಯಾಟಿಕ್ ಕೊಟ್ರಾ, ಕೊನೆಗೆ ಬಟ್ಟೆ ಸೂಜಿ ಎಲ್ಲಾ ಲೆಕ್ಕಕ್ಕೆ ಬಂತಾ.. ಅಟುಲ್ ಗವಾಂಡೆ ಮತ್ತವರ ತಂಡ ಇದನ್ನ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡ್ತು, ನಮ್ಮ ದೆಹಲಿಯೂ ಅದರಲ್ಲಿತ್ತು. 2009ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ಶೇಕಡಾ 1.5ರಿಂದ 0.8ಕ್ಕೆ, ತೊಡಕುಗಳು ಶೇಕಡಾ 11ರಿಂದ 7ಕ್ಕೆ ಇಳಿದಿದ್ವು. ಒಂದು ಹಾಳೆಯಿಂದ ಸಾವು ಹೆಚ್ಚೂಕಮ್ಮಿ ಅರ್ಧ!

ಯಾರಿಗೆ ಬೇಡ ಇಂಥ ಹಾಳೆ? ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಆಸ್ಪತ್ರೆಗಳು ಚೆಕ್‌ಲಿಸ್ಟ್ ಎಷ್ಟು ಪಾಲಿಸ್ತಿವೆ ಅಂತ 2010ರಿಂದ ಬಹಿರಂಗವಾಗಿ ಹೇಳಲೇಬೇಕು ಅಂತ ಮಾಡಿದ್ರು. ಎಲ್ಲರೂ ಟಿಕ್ ಹಾಕಿದ್ರು. ಪಾಲನೆ ಹತ್ತಿರ ಹತ್ತಿರ ನೂರಕ್ಕೆ ನೂರು ಅಂತ ವರದಿ. 2014ರಲ್ಲಿ 101 ಆಸ್ಪತ್ರೆಗಳ ಲೆಕ್ಕ ತೆಗೆದು ನೋಡಿದ್ರೆ ಸಾವು ಶೇಕಡಾ 0.71ರಿಂದ 0.65ಕ್ಕೆ ಬಂದಿತ್ತು ಅಷ್ಟೆ, ತೊಡಕುಗಳು 3.86ರಿಂದ 3.82. ವ್ಯತ್ಯಾಸ ಆಗಿದೆ ಅಂತ ಹೇಳೋಕೆ ಸಾಲದಷ್ಟು ಸಣ್ಣದು.

ಹಾಳೆ ಅದೇ, ಟಿಕ್ಕೂ ಅದೇ. ಬದಲಾಗಿದ್ದು ಏನು? ಎಂಟು ಆಸ್ಪತ್ರೆಗಳಲ್ಲಿ ಆಸಕ್ತಿಯಿಂದ ಮುಂದೆ ಬಂದವರಿದ್ರು, ತರಬೇತಿ ಇತ್ತು, ಹಾಳೆ ಓದೋ ನೆಪದಲ್ಲಿ ಸರ್ಜನ್ನು, ಅರಿವಳಿಕೆಯವರು, ನರ್ಸು ಒಂದು ನಿಮಿಷ ಮುಖ ನೋಡಿ ಮಾತಾಡ್ತಿದ್ರು. ಜೊತೆಗೆ ಮೊದಲ ಅಧ್ಯಯನ "ಮುಂಚೆ-ಆಮೇಲೆ" ಹೋಲಿಕೆ ಮಾತ್ರ. ಒಂಟಾರಿಯೋದಲ್ಲಿ ಮೊದಲೇ ಸಾವು ಕಮ್ಮಿ ಇತ್ತು, ಇನ್ನೂ ಇಳಿಯೋಕೆ ಜಾಗವೂ ಕಮ್ಮಿ. ಇವುಗಳಲ್ಲಿ ಯಾವುದು ಎಷ್ಟು ಅಂತ ಇವತ್ತಿಗೂ ವಾದ ನಡೆಯುತ್ತೆ. ನನಗೆ ಮುಖ್ಯ ಅನ್ನಿಸೋದು ಇಷ್ಟು: ಟಿಕ್ ಬಿತ್ತಾ ಅನ್ನೋದು ಒಂದು ಪ್ರಶ್ನೆ, ರೋಗಿ ಬದುಕಿದ್ನಾ ಅನ್ನೋದು ಬೇರೆಯೇ ಪ್ರಶ್ನೆ. ನಮ್ಮ ಹದಿಮೂರು ಪೋಸ್ಟರಿನಲ್ಲಿ ಹೆಚ್ಚಿನವು ಮೊದಲನೇ ಪ್ರಶ್ನೆಗೆ ಉತ್ತರ ಕೊಟ್ಟು ಎರಡನೇದಕ್ಕೆ ಮಾರ್ಕ್ಸ್ ಕೇಳ್ತಿದ್ವು.

ಕರ್ನಾಟಕದಲ್ಲಿ ಪಾಸು, ಉತ್ತರ ಪ್ರದೇಶದಲ್ಲಿ...

ಈ ಕಥೆ ನಮ್ಮ ರಾಜ್ಯದಿಂದಲೇ ಶುರು ಆಗುತ್ತೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ದೇಶದಲ್ಲಿ ಆಸ್ಪತ್ರೆ ಹೆರಿಗೆ ಹೆಚ್ಚಿಸಬೇಕು ಅಂತ 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2005-06ರಲ್ಲಿ ನೂರಕ್ಕೆ 38.7 ಇದ್ದ ಆಸ್ಪತ್ರೆ ಹೆರಿಗೆ 2019-21ಕ್ಕೆ 88.6ಕ್ಕೆ ಏರಿತು. ದೊಡ್ಡ ಸಾಧನೆ, ಅನುಮಾನ ಇಲ್ಲ. ಆದ್ರೆ ಬಾಗಿಲವರೆಗೆ ಕರ್ಕೊಂಡು ಬಂದ್ವಿ, ಒಳಗೆ ಏನಾಗುತ್ತೆ?

ಅದಕ್ಕೆ ಅಂತ ಹೆರಿಗೆಗೂ ಒಂದು ಚೆಕ್‌ಲಿಸ್ಟ್ ತಯಾರಾಯ್ತು. ಅದರ ಆರಂಭದ ಪ್ರಯೋಗ ನಡೆದದ್ದು 2010ರಲ್ಲಿ, ಕರ್ನಾಟಕದ ಒಂದು ಉಪಜಿಲ್ಲಾ ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ. ಕೈ ತೊಳೆಯೋದು, ಬಿ.ಪಿ. ನೋಡೋದು, ಹೆರಿಗೆ ಆದ ಕೂಡಲೇ ರಕ್ತಸ್ರಾವ ತಡೆಯೋ ಇಂಜೆಕ್ಷನ್ ಕೊಡೋದು, ಮಗುವನ್ನ ಬೆಚ್ಚಗಿಡೋದು.. ಹೀಗೆ 29 ಕೆಲಸ. ಚೆಕ್‌ಲಿಸ್ಟಿಗೆ ಮುಂಚೆ ಸರಾಸರಿ 10 ಆಗ್ತಿದ್ವು. ಆಮೇಲೆ 25! 2012ರಲ್ಲಿ ಇದು ಪ್ರಕಟ ಆಯ್ತು. ನಮ್ಮ ಪೋಸ್ಟರ್ ಸ್ಪರ್ಧೆಗೆ ಬಂದಿದ್ರೆ ಕಣ್ಣುಮುಚ್ಚಿ ಮೊದಲ ಬಹುಮಾನ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ ಅನ್ನೋದು ದೊಡ್ಡತನ. ಉತ್ತರ ಪ್ರದೇಶದ 24 ಜಿಲ್ಲೆಗಳಲ್ಲಿ 120 ಆಸ್ಪತ್ರೆ ಆರಿಸಿಕೊಂಡ್ರು. ಒಂದಕ್ಕೊಂದು ಹೋಲೋ ಹಾಗೆ ಜೋಡಿ ಮಾಡಿ, ಜೋಡಿಯಲ್ಲಿ ಯಾವುದಕ್ಕೆ ಚೆಕ್‌ಲಿಸ್ಟ್ ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರ ಮಾಡಿದ್ರು. ಚೆಕ್‌ಲಿಸ್ಟ್ ಬಂದ ಕಡೆ ಎಂಟು ತಿಂಗಳು ಕೋಚ್‌ಗಳು ಬಂದು ಪಕ್ಕದಲ್ಲಿ ನಿಂತು ಹೇಳಿಕೊಟ್ರು. ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರ ಲೆಕ್ಕ ಇಟ್ರು. ಹೆರಿಗೆ ಆಗಿ ಏಳು ದಿನದವರೆಗೆ ತಾಯಿ ಮಗು ಹೇಗಿದ್ದಾರೆ ಅಂತ ವಿಚಾರಿಸಿದ್ರು.

ಎರಡು ತಿಂಗಳಾದಾಗ ನೋಡಿದ್ರೆ ಚೆಕ್‌ಲಿಸ್ಟ್ ಇದ್ದ ಕಡೆ ಅಗತ್ಯ ಕೆಲಸಗಳಲ್ಲಿ ನೂರಕ್ಕೆ 72.8 ಆಗ್ತಿದ್ವು, ಇಲ್ಲದ ಕಡೆ 41.7. ಹನ್ನೆರಡು ತಿಂಗಳಿಗೆ, ಅಂದ್ರೆ ಕೋಚ್‌ಗಳು ಬರೋದು ನಿಂತ ಮೇಲೆ, 61.7 ಮತ್ತು 43.9. ಸರಿ, ಟಿಕ್ ಅಂತೂ ಗೆದ್ದಿತು. ತಾಯಿ ಮಗು? ಹೆರಿಗೆ ಆಸುಪಾಸಿನ ಶಿಶು ಸಾವು, ತಾಯಿ ಸಾವು, ತಾಯಿಗೆ ಗಂಭೀರ ತೊಡಕು ಈ ಮೂರೂ ಸೇರಿಸಿದ ಲೆಕ್ಕ ಚೆಕ್‌ಲಿಸ್ಟ್ ಇದ್ದ ಕಡೆ ಶೇಕಡಾ 15.1, ಇಲ್ಲದ ಕಡೆ 15.3.

ಅಂದ್ರೆ ವ್ಯತ್ಯಾಸವೇ ಇಲ್ಲ. ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನಕ್ಕ ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸು. ರಾತ್ರಿ ಫೋನ್ ಮಾಡಿ ಈ ಸಂಖ್ಯೆಗಳನ್ನ ಓದಿ ಹೇಳ್ದೆ. ಆಶ್ಚರ್ಯ ಪಡ್ತಾಳೆ ಅಂದ್ಕೊಂಡಿದ್ರೆ, ಅವಳು ನಕ್ಕುಬಿಟ್ಳು.

"ಅಲ್ವೋ, ಬಿ.ಪಿ. ನೋಡು ಅಂತ ಚೆಕ್‌ಲಿಸ್ಟ್ ಹೇಳುತ್ತೆ. ನೋಡ್ದೆ. ಇನ್ನೂರಿದೆ. ಟಿಕ್ ಹಾಕ್ದೆ. ಆಮೇಲೆ? ರಾತ್ರಿ ಎರಡು ಗಂಟೆಗೆ ಡಾಕ್ಟ್ರು ಬೇಕು, ಆಂಬುಲೆನ್ಸ್ ಬೇಕು, ಜಿಲ್ಲಾಸ್ಪತ್ರೇಲಿ ಬೆಡ್ ಬೇಕು. ಅದಕ್ಕೆಲ್ಲಾ ಎಲ್ಲಿ ಟಿಕ್ ಹಾಕ್ಲಿ ಹೇಳು?"

"ಹಂಗಾದ್ರೆ ಚೆಕ್‌ಲಿಸ್ಟ್ ದಂಡ ಅಂತೀಯೇನಕ್ಕ?"

"ದಂಡ ಅಂತ ಯಾರಂದ್ರು? ನಿದ್ದೆಗಣ್ಣಲ್ಲಿ ಮರೆಯೋದನ್ನ ನೆನಪಿಸುತ್ತೆ, ಹೊಸದಾಗಿ ಬಂದ ಹುಡುಗೀರಿಗೆ ತುಂಬಾ ಒಳ್ಳೇದು. ಆದ್ರೆ ಕೈ ತೊಳಿ ಅಂತ ಬರೆದು ಗೋಡೆಗೆ ಅಂಟಿಸಿದವರು ನಲ್ಲಿ ಒಂದ್ಸಲ ತಿರುಗಿಸಿ ನೋಡ್ಬೇಕಪ್ಪಾ, ನೀರು ಬರುತ್ತಾ ಅಂತ."

ಆ ಅಧ್ಯಯನದ ಬಗ್ಗೆ ಆಮೇಲೆ ನಡೆದ ಚರ್ಚೆಗಳಲ್ಲೂ ಬಂದದ್ದು ಹೆಚ್ಚೂಕಮ್ಮಿ ಇದೇ ಮಾತು. ಕೌಶಲ, ಔಷಧಿ, ದೊಡ್ಡಾಸ್ಪತ್ರೆಗೆ ಸರಿಯಾದ ಸಮಯಕ್ಕೆ ಸಾಗಿಸೋ ವ್ಯವಸ್ಥೆ ಇಲ್ಲದ ಕಡೆ ಬರೀ ಕೆಲಸದ ಪಟ್ಟಿ ಜೀವ ಉಳಿಸೋದು ಕಷ್ಟ. ಅಕ್ಕ ಮೂರು ನಿಮಿಷದಲ್ಲಿ ಹೇಳಿದ್ಳು ಅಷ್ಟೆ :-)

ಇದು ಪ್ರಕಟ ಆದದ್ದು 2017ರ ಡಿಸೆಂಬರಿನಲ್ಲಿ. ಅದೇ ತಿಂಗಳು ಕೇಂದ್ರ ಸರ್ಕಾರ ಹೆರಿಗೆ ಕೋಣೆಗಳ ಗುಣಮಟ್ಟಕ್ಕೆ "ಲಕ್ಷ್ಯ" ಅನ್ನೋ ಯೋಜನೆ ಶುರು ಮಾಡ್ತು. ಅದರಲ್ಲಿ ಕಟ್ಟಡ, ಸಲಕರಣೆ, ಸಿಬ್ಬಂದಿ, ತಾಯಿಗೆ ಮರ್ಯಾದೆ ಕೊಟ್ಟು ನಡೆಸ್ಕೊಳ್ಳೋದು ಎಲ್ಲಾ ಸೇರಿದೆ, ಚೆಕ್‌ಲಿಸ್ಟ್ ಅದರ ಒಂದು ಭಾಗ ಮಾತ್ರ. ಪಟ್ಟಿಯ ಜೊತೆ ನಲ್ಲಿಯನ್ನೂ ನೋಡೋ ದಾರಿ ಇದು.

ಗಡಿಯ ಆಚೆ, ಗಡಿಯ ಈಚೆ

ಇಷ್ಟು ಓದಿ "ಯಾವುದೂ ಕೆಲಸ ಮಾಡಲ್ಲ ಬಿಡಪ್ಪ" ಅಂತ ಅನ್ನಿಸಿದ್ರೆ ತಡೀರಿ. ನನಗೆ ಬಹಳ ಇಷ್ಟವಾದ ಒಂದು ಮೌಲ್ಯಮಾಪನ ಇದೆ, ಅದೂ ನಮ್ಮ ನೆಲದ್ದೇ.

2010ರಲ್ಲಿ ಕರ್ನಾಟಕ ಸರ್ಕಾರ "ವಾಜಪೇಯಿ ಆರೋಗ್ಯಶ್ರೀ" ಶುರು ಮಾಡಿದ್ದು ನೆನಪಿರಬಹುದು. ಬಿ.ಪಿ.ಎಲ್. ಕಾರ್ಡಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯ ಮುಂತಾದ ದೊಡ್ಡ ಚಿಕಿತ್ಸೆ ಉಚಿತ. (ಆಮೇಲೆ 2018ರಲ್ಲಿ ಇದೆಲ್ಲಾ "ಆರೋಗ್ಯ ಕರ್ನಾಟಕ"ದೊಳಗೆ ಸೇರಿಹೋಯ್ತು.) ಯೋಜನೆ ಒಂದೇ ದಿನ ಇಡೀ ರಾಜ್ಯಕ್ಕೆ ಬರಲಿಲ್ಲ. ಮೊದಲು ಉತ್ತರ ಕರ್ನಾಟಕಕ್ಕೆ, 2012ರಲ್ಲಿ ದಕ್ಷಿಣಕ್ಕೆ. ಅಂದ್ರೆ ಸುಮಾರು ಎರಡು ವರ್ಷ ಒಂದು ಗೆರೆ ಇತ್ತು. ಗೆರೆಯ ಆಚೆ ಹಳ್ಳಿಗೆ ಯೋಜನೆ ಇದೆ, ಈಚೆ ಹಳ್ಳಿಗೆ ಇಲ್ಲ. ಎರಡೂ ಕಡೆ ಅದೇ ಜನ, ಅದೇ ಸಂತೆ, ಅದೇ ಮಳೆ.

ನೀರಜ್ ಸೂದ್ ಮತ್ತು ಜೊತೆಗಾರರು ಈ ಗೆರೆಯನ್ನೇ ತಕ್ಕಡಿ ಮಾಡ್ಕೊಂಡ್ರು. ಗೆರೆಯ ಹತ್ತಿರದ 572 ಹಳ್ಳಿಗಳಲ್ಲಿ, ಆಚೆ 300 ಈಚೆ 272, ಅರವತ್ತು ಸಾವಿರದಷ್ಟು ಮನೆಗಳಿಗೆ ಹೋಗಿ ವಿಚಾರಿಸಿದ್ರು. 2014ರಲ್ಲಿ ಬಂದ ಉತ್ತರ: ಯೋಜನೆಯ ವ್ಯಾಪ್ತಿಗೆ ಬರೋ ಕಾಯಿಲೆಗಳಿಂದ ಆದ ಸಾವು, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇಕಡಾ 0.32. ಯೋಜನೆ ಇಲ್ಲದ ಕಡೆಯ ಬಡ ಕುಟುಂಬಗಳಲ್ಲಿ 0.90. ಆಸ್ಪತ್ರೆಗೆ ಅಂತ ಕೈಯಿಂದ ಹಾಕೋ ದುಡ್ಡೂ ಮೂರನೇ ಒಂದು ಭಾಗದಷ್ಟು ಕಮ್ಮಿ.

ಈಗ ಇದರಲ್ಲಿರೋ ಚಂದ ನೋಡಿ. ಅದೇ ಹಳ್ಳಿಗಳ ಬಿ.ಪಿ.ಎಲ್. ಅಲ್ಲದ ಮನೆಗಳನ್ನೂ ಕೇಳಿದ್ರು. ಅವರಿಗೆ ಯೋಜನೆ ಅನ್ವಯ ಇಲ್ಲ. ಅವರಲ್ಲಿ ಆಚೆಗೂ ಈಚೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಗೆರೆಯ ಆಚೆ ಗಾಳಿ ನೀರು ಚೆನ್ನಾಗಿತ್ತು, ಆಸ್ಪತ್ರೆ ಒಳ್ಳೇದಿತ್ತು ಅಂತಾಗಿದ್ರೆ ಅನುಕೂಲಸ್ಥರ ಮನೆಯಲ್ಲೂ ಸಾವು ಕಮ್ಮಿ ಆಗ್ಬೇಕಿತ್ತು. ಆಗಲಿಲ್ಲ. ಹಾಗಾಗಿ ಯೋಜನೆಯ ಕಡೆಗೇ ಬೆರಳು ತೋರಿಸುತ್ತೆ. ಇದು ಚೀಟಿ ಎತ್ತಿ ಮಾಡಿದ ಪ್ರಯೋಗ ಅಲ್ಲ, ಪ್ರಶ್ನೆ ಕೇಳೋಕೆ ಇನ್ನೂ ಜಾಗ ಇದೆ. ಆದ್ರೂ ಕಾಗೆ ಯಾವುದು, ಗಾಳಿ ಯಾವುದು ಅಂತ ಬೇರ್ಪಡಿಸೋಕೆ ಮನಸ್ಸಿಟ್ಟು ಮಾಡಿದ ಕೆಲಸ.

ಇದಕ್ಕೆ ಕೋಟಿಗಟ್ಟಲೆ ಯಂತ್ರ ಬೇಕಾಗಲಿಲ್ಲ ಅನ್ನೋದನ್ನ ಗಮನಿಸಿ. ಯೋಜನೆ ಹೇಗೂ ಹಂತ ಹಂತವಾಗಿ ಬರುತ್ತೆ. ಆ ಹಂತಗಳನ್ನೇ ಹೋಲಿಕೆಗೆ ಬಳಸ್ಕೊಂಡ್ರೆ ಆಯ್ತು. ನಮ್ಮ ಆಸ್ಪತ್ರೆಯಲ್ಲೂ ಹೊಸ ಪ್ರಾಜೆಕ್ಟನ್ನ ಮೊದಲು ಎರಡು ವಾರ್ಡಿಗೆ, ಮೂರು ತಿಂಗಳು ಬಿಟ್ಟು ಇನ್ನೆರಡಕ್ಕೆ ಅಂತ ಮಾಡಿದ್ರೆ ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಉತ್ತರ ಸಿಕ್ಕಿಬಿಡುತ್ತೆ.

ಸರಾಸರಿ ಅನ್ನೋ ಮೋಸಗಾರ

ಆ ಅಧ್ಯಯನದಿಂದ ನಾನು ಕಲಿತ ಇನ್ನೊಂದು ವಿಷಯ, ಬಡವರ ಲೆಕ್ಕ ಬೇರೆ, ಉಳಿದವರ ಲೆಕ್ಕ ಬೇರೆ ಇಡೋದು. ಸರಾಸರಿ ಒಂದೇ ಹಿಡ್ಕೊಂಡ್ರೆ ನ್ಯಾಯ ಕಾಣೋದಿಲ್ಲ, ಅನ್ಯಾಯವೂ ಕಾಣೋದಿಲ್ಲ.

ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸ್ಕೊಳ್ಳೋ ಆಕ್ಸಿಮೀಟರ್ ಮನೆಮನೆಗೂ ಬಂತಲ್ಲ? 2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಒಂದು ವರದಿ ಬರೆದ್ರು. ಆಕ್ಸಿಮೀಟರ್ 92ರಿಂದ 96 ತೋರಿಸ್ತಿದ್ದಾಗಲೂ ರಕ್ತ ಪರೀಕ್ಷೆಯಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇಕಡಾ 3.6, ಕಪ್ಪು ಜನರಲ್ಲಿ ಶೇಕಡಾ 11.7. ಯಂತ್ರ "ಸರಾಸರಿ" ಚೆನ್ನಾಗೇ ಕೆಲಸ ಮಾಡ್ತಿತ್ತು. ಯಾರ ಬೆರಳಿಗೆ ಅನ್ನೋದೇ ಪ್ರಶ್ನೆ. ನಮ್ಮಂಥ ಕಂದು ಬಣ್ಣದ ನಾಡಿನವರು ಇದನ್ನ ಓದಿ ಪಕ್ಕಕ್ಕಿಡೋ ಹಾಗಿಲ್ಲ.

2019ರ ಇನ್ನೊಂದು ಸಂಶೋಧನೆ. ಅಮೆರಿಕಾದಲ್ಲಿ ಯಾವ ರೋಗಿಗೆ ಹೆಚ್ಚುವರಿ ಆರೈಕೆ ಬೇಕು ಅಂತ ಲೆಕ್ಕ ಹಾಕೋ ಒಂದು ಸಾಫ್ಟ್‌ವೇರು, ಕಾಯಿಲೆ ಎಷ್ಟಿದೆ ಅನ್ನೋದರ ಬದಲು ಮುಂದೆ ಎಷ್ಟು ಖರ್ಚಾಗುತ್ತೆ ಅನ್ನೋದನ್ನ ಅಳೀತಿತ್ತು. ಆಸ್ಪತ್ರೆಗೆ ಹೋಗೋಕೆ ಅನುಕೂಲ ಇಲ್ಲದವರ ಖರ್ಚು ಕಮ್ಮಿನೇ ಇರುತ್ತಲ್ಲ! ಹಾಗಾಗಿ ಹೆಚ್ಚು ಕಾಯಿಲೆ ಇದ್ದ ಕಪ್ಪು ಜನ ಪಟ್ಟಿಯಲ್ಲಿ ಹಿಂದೆ ಬೀಳ್ತಿದ್ರು. ಸರಿಪಡಿಸಿದ್ರೆ ಹೆಚ್ಚುವರಿ ಆರೈಕೆ ಪಡೆಯೋರಲ್ಲಿ ಅವರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತೆ ಅಂತ ಲೆಕ್ಕ ತೋರಿಸಿದ್ರು.

ದೂರ ಯಾಕೆ, ನಮ್ಮ ಆಸ್ಪತ್ರೆಗೇ ಬರೋಣ. ಹದಿಮೂರು ಪೋಸ್ಟರಿನಲ್ಲಿ ಎಲ್ಲರ ಮೆಚ್ಚುಗೆ ಪಡೆದದ್ದು ಓ.ಪಿ.ಡಿ.ಯದ್ದು. ಮೊಬೈಲಿನಲ್ಲಿ ಮೊದಲೇ ಸಮಯ ಗೊತ್ತು ಮಾಡ್ಕೊಂಡು ಬನ್ನಿ ಅಂತ ವ್ಯವಸ್ಥೆ ಮಾಡಿದ್ರು, ಕಾಯೋ ಸಮಯದ ಸರಾಸರಿ ಚೆನ್ನಾಗಿ ಇಳಿದಿತ್ತು. ನನಗೊಂದು ಅನುಮಾನ. ಟೋಕನ್ ರಿಜಿಸ್ಟರು ತರಿಸಿಕೊಂಡು ಎರಡು ಸಂಜೆ ಕೂತು ಸಾಲು ಬೇರೆ ಮಾಡಿ ಎಣಿಸ್ದೆ. ಮೊಬೈಲಿಂದ ಬಂದವರು ಬೇಗ ಬೇಗ ಒಳಗೆ ಹೋಗ್ತಿದ್ರು, ಸರಿ. ಬೆಳಗ್ಗೆ ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದು ಕೈಯಲ್ಲಿ ಚೀಟಿ ಹಿಡಿದು ಕೂತವರು ಮೊದಲಿಗಿಂತ ಜಾಸ್ತಿ ಹೊತ್ತು ಕಾಯ್ತಿದ್ರು. ಅವರ ಸಮಯ ಕಿತ್ತು ಇವರಿಗೆ ಕೊಟ್ಟಿದ್ವಿ, ಅದಕ್ಕೆ ಸುಧಾರಣೆ ಅಂತ ಹೆಸರಿಟ್ಟಿದ್ವಿ. ಮೊದಲ ಬಸ್ಸಿಗೆ ಬಂದವರಿಗೆ ಕೊನೇ ಬಸ್ಸೂ ಹಿಡೀಬೇಕಿರುತ್ತೆ ಅನ್ನೋದು ಯಾವ ಗ್ರಾಫಿನಲ್ಲೂ ಇರ್ಲಿಲ್ಲ.

ಲೆಕ್ಕ ತಗೊಂಡು ನಮ್ಮ ಮೇಡಂ ಹತ್ರ ಹೋದೆ. ಪೂರ್ತಿ ನೋಡಿದ್ರು. "ನೀವು ಹೇಳೋದು ಸರಿ. ಆದ್ರೆ ಇದನ್ನ ಈಗ ಹೇಳಿದ್ರೆ ಆ ಹುಡುಗರ ಉತ್ಸಾಹ ಏನಾಗ್ಬೇಕು?" ಅಂದ್ರು. ಕೆಟ್ಟ ಪ್ರಶ್ನೆ ಅಲ್ಲ ಅದು. ಆ ಹುಡುಗರು ನಿಜವಾಗ್ಲೂ ಕಷ್ಟಪಟ್ಟಿದ್ರು. ಆದ್ರೆ ಚೀಟಿ ಹಿಡಿದು ಕೂತ ಅಜ್ಜಿಯ ಪರವಾಗಿ ಆ ಕೋಣೆಯಲ್ಲಿ ಮಾತಾಡೋಕೆ ಯಾರಿದ್ರು? ಆ ರಿಜಿಸ್ಟರು ಒಂದೇ. ಕೊನೆಗೆ ಬಹುಮಾನ ಓ.ಪಿ.ಡಿ.ಗೇ ಹೋಯ್ತು. ಆದ್ರೆ ಎಲ್ಲಾ ಕಡೆ ಹರಡೋ ಮುಂಚೆ ಟೋಕನ್ ಸಾಲಿಗೆ ಅಂತ ಪ್ರತ್ಯೇಕ ಸಮಯ ಇಡಬೇಕು, ಎರಡೂ ಸಾಲಿನ ಲೆಕ್ಕ ಬೇರೆ ಬೇರೆ ಬರೀಬೇಕು ಅಂತ ಒಪ್ಪಿಗೆ ಆಯ್ತು. ಪೂರ್ತಿ ಸೋಲಲ್ಲ ಅಂದ್ಕೊಂಡಿದೀನಿ.

ಹದಿನಾಲ್ಕನೇ ಪೋಸ್ಟರ್ ಬಗ್ಗೆ ಹೇಳಲೇ ಇಲ್ಲ ಅಲ್ವಾ? ಅದು ಮಕ್ಕಳ ವಾರ್ಡಿನ ಇಬ್ಬರು ನರ್ಸುಗಳದ್ದು. ಡ್ರಿಪ್ ಹಾಕಿದ ಜಾಗ ಊದಿಕೊಳ್ಳೋದನ್ನ ತಪ್ಪಿಸೋಕೆ ಆರು ತಿಂಗಳು ಪ್ರಯತ್ನ ಮಾಡಿದ್ರು. ಗ್ರಾಫ್ ನೇರ ಗೆರೆ. ಕೆಳಗೆ ದೊಡ್ಡ ಅಕ್ಷರದಲ್ಲಿ "ವ್ಯತ್ಯಾಸ ಆಗಲಿಲ್ಲ. ಯಾಕೆ ಅಂತ ನಮಗನ್ನಿಸಿದ್ದು ಇಷ್ಟು" ಅಂತ ಬರೆದು ನಾಲ್ಕು ಕಾರಣ ಕೊಟ್ಟಿದ್ರು. ಅದರ ಮುಂದೆ ಯಾರೂ ನಿಂತಿರ್ಲಿಲ್ಲ. ನನ್ನ ಹಾಳೆಯಲ್ಲಿ ಅತಿ ಹೆಚ್ಚು ಅಂಕ ಅದಕ್ಕೇ. ಉತ್ತರ ಪ್ರದೇಶದ ಆ ದೊಡ್ಡ ಅಧ್ಯಯನಕ್ಕೂ ಈ ಪುಟ್ಟ ಪೋಸ್ಟರಿಗೂ ಗುಣ ಒಂದೇ: ಆಗಲಿಲ್ಲ ಅಂತ ಹೇಳೋ ಧೈರ್ಯ. ಆ ಮಾತು ಹೊರಗೆ ಬರದಿದ್ರೆ ಇನ್ನೂ ಹತ್ತು ಆಸ್ಪತ್ರೆ ಅದೇ ಕೆಲಸಕ್ಕೆ ಆರಾರು ತಿಂಗಳು ಸುರೀತಿದ್ವು.

ಈಗ ಯಾವ ಪ್ರಾಜೆಕ್ಟ್ ಬಂದ್ರೂ ನಾನು ಕೇಳೋ ಪ್ರಶ್ನೆ ಐದು:

1. ಯಾವುದಕ್ಕೆ ಹೋಲಿಸಿ ಚೆನ್ನಾಗಿದೆ ಅಂತೀರಿ? ಹೋದ ತಿಂಗಳಿಗಾ, ಪಕ್ಕದ ವಾರ್ಡಿಗಾ?
2. ಎಣಿಸಿದ್ದು ಯಾರು? ಪ್ರಾಜೆಕ್ಟ್ ಮಾಡಿದವರೇನಾ?
3. ಅಳೆದದ್ದು ಟಿಕ್ಕನ್ನಾ, ರೋಗಿಯನ್ನಾ?
4. ಯಾರಿಗೆ ಒಳ್ಳೇದಾಯ್ತು, ಯಾರಿಗೆ ಆಗಲಿಲ್ಲ? ಯಾರ ಸಮಯ, ಯಾರ ಬೆವರು ಇದಕ್ಕೆ ಖರ್ಚಾಯ್ತು?
5. ಹೇಳಿಕೊಟ್ಟವರು ಹೋಗಿ ಆರು ತಿಂಗಳಾದ ಮೇಲೆ ಏನುಳೀತು?

ಐದಕ್ಕೂ ಉತ್ತರ ಕೊಟ್ಟವರು ನನಗಿನ್ನೂ ಸಿಕ್ಕಿಲ್ಲ. ಮೂರಕ್ಕೆ ಕೊಟ್ರೂ ಕಾಫಿ ಕೊಡಿಸ್ತೀನಿ.

ಇದನ್ನೆಲ್ಲಾ ಅಕ್ಕನಿಗೂ ಹೇಳ್ದೆ. "ಲೆಕ್ಕ ಹಾಕ್ತಾ ಕೂತ್ರೆ ಹೆರಿಗೆ ಮಾಡ್ಸೋರ್ಯಾರೋ?" ಅಂತ ಬೈದ್ಳು. ಅದಕ್ಕೂ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಕೈಯಲ್ಲಿ ಕೆಲಸ ಇರೋರಿಗೆ ಲೆಕ್ಕ ಹೊರೆ. ಲೆಕ್ಕ ಇಲ್ಲದಿದ್ರೆ ಕೆಲಸ ಕುರುಡು. ಎಲ್ಲಿ ಗೆರೆ ಎಳೆಯೋದು?

ಆದ್ರೆ ಹೋದ ಭಾನುವಾರ ಅವಳೇ ಫೋನ್ ಮಾಡಿದ್ಳು. ಹೆರಿಗೆ ವಾರ್ಡಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆಯಂತೆ, ಊರಿನ ಯಾವುದೋ ಬಟ್ಟೆ ಅಂಗಡಿಯವರು ಕೊಟ್ಟದ್ದು. ನೀರು ಬಾರದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು, ರಾತ್ರಿ ಆಂಬುಲೆನ್ಸಿಗೆ ಒಂದು ಗಂಟೆಗಿಂತ ಜಾಸ್ತಿ ಕಾಯ್ಬೇಕಾದ ದಿನಕ್ಕೆ ಒಂದು ಅಡ್ಡಗೆರೆ. ಅಷ್ಟೇ. ತಾನು, ಮತ್ತಿಬ್ಬರು ಸಿಸ್ಟರುಗಳು ಸೇರಿ ಎರಡು ತಿಂಗಳಿಂದ ಹಾಕ್ತಿದ್ದಾರಂತೆ. ಮುಂದಿನ ವಾರ ಸಾಹೇಬ್ರು ತಪಾಸಣೆಗೆ ಬರ್ತಾರೆ, ಅವರು ಚೆಕ್‌ಲಿಸ್ಟಿನ ಟಿಕ್ ನೋಡೋಕೆ ಮುಂಚೆ ಈ ಕ್ಯಾಲೆಂಡರ್ ತೋರಿಸ್ತೀನಿ ಅಂದ್ಳು.

ಏನಾಯ್ತು ಅಂತ ಗೊತ್ತಾದ ಮೇಲೆ ಬರೀತೀನಿ. ಅಷ್ಟರಲ್ಲಿ ನಿಮ್ಮೂರಿನ ಆಸ್ಪತ್ರೆಯಲ್ಲಿ "ಸುಧಾರಣೆ" ಅಂತ ಬಂದದ್ದು ಯಾವುದಾದ್ರೂ ಇದ್ರೆ, ಅದು ಸಾಲಿನ ಕೊನೇಲಿ ನಿಂತವರನ್ನ ಮುಟ್ಟಿತಾ ಇಲ್ವಾ ಅಂತ ನೋಡಿ ಹೇಳಿ. ಗ್ರಾಫ್ ಬೇಡ, ಕಂಡದ್ದು ಸಾಕು.